ಗೆಲ್ಲಲ್ಲ ಅಂತ ಗೊತ್ತಿದ್ದೂ ಸೈನಿಕರನ್ನು ಯಾಕೆ ಕಳಿಸುತ್ತಾರೆ?

ನಾನು ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುತ್ತೇನೆ. ಕಮ್ಯುನಿಸ್ಟರ ಉತ್ತರ ವಿಯೆಟ್ನಾಂ ವಿರುದ್ಧ ದಕ್ಷಿಣ ವಿಯೆಟ್ನಾಂ ಪರವಾಗಿ ಅಮೆರಿಕ ಹೋರಾಡಿದ ಯುದ್ಧದ ಪಾಠ ಬಂದಾಗಲೆಲ್ಲ ಒಬ್ಬರಾದರೂ ಎದ್ದು ನಿಂತು ಕೇಳುತ್ತಾರೆ: "ಸರ್, ಗೆಲ್ಲೋಕಾಗಲ್ಲ ಅಂತ ಅವರಿಗೆ ಗೊತ್ತಿರಲಿಲ್ವಾ? ಗೊತ್ತಿದ್ರೆ ಮತ್ತೆ ಮತ್ತೆ ಸೈನಿಕರನ್ನ ಯಾಕೆ ಕಳಿಸಿದ್ರು?" ಟಿವಿಯಲ್ಲಿ ಯಾವುದಾದರೂ ಯುದ್ಧದ ಸುದ್ದಿ ಜೋರಾದಾಗ ನೆಂಟರು, ಅಕ್ಕಪಕ್ಕದವರು ಕೇಳುವುದೂ ಇದನ್ನೇ.

ಗೊತ್ತಿತ್ತು. ಅವರ ಬಾಯಿಂದಲೇ ಬಂದ ಮಾತಿದೆ.

ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ತಮ್ಮ ಫೋನ್ ಮಾತುಗಳನ್ನು ಗುಟ್ಟಾಗಿ ರೆಕಾರ್ಡ್ ಮಾಡಿಸುತ್ತಿದ್ದರು. 1964ರ ಮೇ 27ರಂದು ಅವರು ಭದ್ರತಾ ಸಲಹೆಗಾರ ಮೆಕ್‌ಜಾರ್ಜ್ ಬಂಡಿ ಜೊತೆ ಆಡಿದ ಮಾತನ್ನು ಈಗ ಯಾರು ಬೇಕಾದರೂ ಕೇಳಬಹುದು. ಹೋರಾಡುವಷ್ಟು ಬೆಲೆ ಇದಕ್ಕಿದೆ ಅಂತ ನನಗೆ ಅನ್ನಿಸಲ್ಲ, ಆದರೆ ಬಿಟ್ಟು ಬರೋಕೂ ಆಗಲ್ಲ ಎನ್ನುತ್ತಾರೆ. ಆಮೇಲೆ ತಮ್ಮ ಮನೆಯಲ್ಲೇ ಕೆಲಸಕ್ಕಿದ್ದ ಒಬ್ಬ ಸಾರ್ಜೆಂಟ್ ವಿಷಯ ತೆಗೆಯುತ್ತಾರೆ. ಅವತ್ತು ಬೆಳಿಗ್ಗೆ ಅವನು ಇವರ ಸಾಮಾನು ತೆಗೆದಿಡುತ್ತಿದ್ದನಂತೆ. ಅವನಿಗೆ ಆರು ಚಿಕ್ಕ ಮಕ್ಕಳು. ಇಂಥವನನ್ನು ನಾನು ಯಾವ ಪುರುಷಾರ್ಥಕ್ಕೆ ಅಲ್ಲಿಗೆ ಕಳಿಸಲಿ ಅಂತ ಅವರಿಗೆ ಅನ್ನಿಸುತ್ತದೆ.

ಆಗ ವಿಯೆಟ್ನಾಂನಲ್ಲಿ ಅಮೆರಿಕದ ಸೈನಿಕರು ಸುಮಾರು 16,000 ಇದ್ದರು. ಹೆಸರಿಗೆ 'ಸಲಹೆಗಾರರು'. 1965ರ ಕೊನೆಗೆ ಅವರ ಸಂಖ್ಯೆ 1,84,000. 1968ರ ಕೊನೆಗೆ 5,36,000. ಆ ಫೋನ್ ಮಾತು ಕೇಳಿ ಈ ಅಂಕಿಗಳನ್ನು ನೋಡಿದರೆ ನನಗೆ ಈಗಲೂ ಹೊಟ್ಟೆಯೊಳಗೆ ಸಂಕಟವಾಗುತ್ತದೆ.

ಹಾಗಾದರೆ ಯಾಕೆ? ಮೊದಲನೆಯದು ದೇಶದೊಳಗಿನ ರಾಜಕೀಯದ ಭಯ. 1949ರಲ್ಲಿ ಚೀನಾ ಕಮ್ಯುನಿಸ್ಟರ ಕೈಗೆ ಹೋದಾಗ, ಚೀನಾವನ್ನು ಕಳೆದವರು ಯಾರು ಅಂತ ವಿರೋಧ ಪಕ್ಷದವರು ಅಧ್ಯಕ್ಷ ಟ್ರೂಮನ್ ಮೇಲೆ ಮುಗಿಬಿದ್ದಿದ್ದರು. ಜಾನ್ಸನ್ ಆಗ ಸೆನೆಟ್‌ನಲ್ಲಿದ್ದು ಅದನ್ನೆಲ್ಲ ಕಣ್ಣಾರೆ ಕಂಡವರು. ವಿಯೆಟ್ನಾಂ ಕೈತಪ್ಪಿದರೆ ತಮಗೂ ಅದೇ ಗತಿ, ಬಡವರಿಗಾಗಿ ತರಬೇಕೆಂದಿದ್ದ ಕಾನೂನುಗಳೂ ನೆಲಕಚ್ಚುತ್ತವೆ ಎಂಬ ಹೆದರಿಕೆ ಅವರಿಗೆ. ತಾರೀಕುಗಳನ್ನು ಸ್ವಲ್ಪ ನೋಡಿ. 1965ರ ಜುಲೈ 28ಕ್ಕೆ ಸೈನಿಕರ ಸಂಖ್ಯೆಯನ್ನು 75,000ದಿಂದ 1,25,000ಕ್ಕೆ ಏರಿಸುವ ಘೋಷಣೆ. ಜುಲೈ 30ಕ್ಕೆ ವಯಸ್ಸಾದವರ ಆಸ್ಪತ್ರೆ ಖರ್ಚು ನೋಡಿಕೊಳ್ಳುವ ಮೆಡಿಕೇರ್ ಕಾನೂನಿಗೆ ಸಹಿ. ಆಗಸ್ಟ್ 6ಕ್ಕೆ ಕಪ್ಪು ಜನರ ಮತದಾನದ ಹಕ್ಕನ್ನು ಕಾಪಾಡುವ ಕಾನೂನಿಗೆ ಸಹಿ. ಹತ್ತು ದಿನದೊಳಗೆ ಒಬ್ಬರೇ ಮನುಷ್ಯ ಮಾಡಿದ ಕೆಲಸಗಳಿವು. ಅವರನ್ನು ಸುಮ್ನೆ ಕೆಟ್ಟವರು ಅಂದು ಮುಗಿಸಲು ನನಗೆ ಆಗದಿರುವುದು ಇದಕ್ಕೇ.

ಇನ್ನೊಂದು, ಯಾರೂ ಒಂದೇ ಸಲ ಐದು ಲಕ್ಷ ಸೈನಿಕರನ್ನು ಕಳಿಸುವುದಿಲ್ಲ. 1965ರ ಫೆಬ್ರವರಿಯಲ್ಲಿ ದಕ್ಷಿಣ ವಿಯೆಟ್ನಾಂನ ಪ್ಲೈಕು ಸೇನಾ ನೆಲೆಯ ಮೇಲೆ ದಾಳಿಯಾಗಿ ಎಂಟು ಅಮೆರಿಕನ್ನರು ಸತ್ತರು. ಅದಕ್ಕೆ ಪ್ರತಿಯಾಗಿ ಉತ್ತರ ವಿಯೆಟ್ನಾಂ ಮೇಲೆ ಬಾಂಬ್ ಹಾಕಿದರು. ಬಾಂಬ್ ಹಾಕುವ ವಿಮಾನಗಳಿಗೆ ಡಾ ನಾಂಗ್‌ನಲ್ಲಿ ನಿಲ್ದಾಣವಿತ್ತು, ಅದಕ್ಕೆ ಕಾವಲು ಬೇಕಾಯಿತು. ಮಾರ್ಚ್ 8ಕ್ಕೆ 3,500 ನೌಕಾ ಸೈನಿಕರು ಕಡಲ ದಂಡೆಗೆ ಇಳಿದರು. ಕಾವಲಿಗೆ ಬಂದವರಿಗೆ ಒಂದು ತಿಂಗಳೊಳಗೆ ಹೊರಗೆ ಹೋಗಿ ಹೋರಾಡಲು ಅಪ್ಪಣೆಯಾಯಿತು, ಜನರಿಗೆ ಹೇಳದೆ. ಪ್ರತಿ ಹೆಜ್ಜೆಯೂ ಹಿಂದಿನದನ್ನು ಉಳಿಸಿಕೊಳ್ಳಲು ಇಟ್ಟದ್ದು. ನಮ್ಮ ಸೇನೆಯೂ 1987ರ ಜುಲೈನಲ್ಲಿ ಶ್ರೀಲಂಕಾಕ್ಕೆ ಹೋದದ್ದು ಶಾಂತಿ ಕಾಯಲಿಕ್ಕೆ. ಅಕ್ಟೋಬರ್ ಹೊತ್ತಿಗೆ ಜಾಫ್ನಾದಲ್ಲಿ ಎಲ್‌ಟಿಟಿಇ ಜೊತೆ ಯುದ್ಧವೇ ನಡೆಯುತ್ತಿತ್ತು. 1990ರ ಮಾರ್ಚ್‌ನಲ್ಲಿ ವಾಪಸ್ ಬರುವಷ್ಟರಲ್ಲಿ ಸಾವಿರಕ್ಕೂ ಜಾಸ್ತಿ ಯೋಧರನ್ನು ಕಳೆದುಕೊಂಡಿದ್ದೆವು.

ಮೂರನೆಯದನ್ನು ಹೇಳಲು ಒಂದು ಟಿಪ್ಪಣಿ ಸಾಕು. ರಕ್ಷಣಾ ಇಲಾಖೆಯ ಜಾನ್ ಮೆಕ್‌ನಾಟನ್ 1965ರ ಮಾರ್ಚ್‌ನಲ್ಲಿ ಅಮೆರಿಕ ಅಲ್ಲಿ ಯಾಕಿದೆ ಎಂದು ಶೇಕಡಾವಾರು ಬರೆದಿಟ್ಟರು. ಅವಮಾನಕರ ಸೋಲು ತಪ್ಪಿಸಲು 70. ಆ ನೆಲ ಚೀನಾದ ಕೈಗೆ ಹೋಗದಂತೆ ತಡೆಯಲು 20. ದಕ್ಷಿಣ ವಿಯೆಟ್ನಾಂ ಜನರ ಒಳ್ಳೆಯ ಬದುಕಿಗೆ 10. ಭಾಷಣಗಳಲ್ಲಿ ಮಾತ್ರ ಆ ಹತ್ತೇ ಕೇಳುತ್ತಿತ್ತು.

ಕೋಲಾರದ ಕಡೆಯ ಹುಡುಗರು ಇದನ್ನು ಬೋರ್‌ವೆಲ್‌ಗೆ ಹೋಲಿಸುತ್ತಾರೆ. ಸಾವಿರ ಅಡಿ ಕೊರೆಸಿ ನೀರು ಸಿಗಲಿಲ್ಲ, ಇಷ್ಟು ದುಡ್ಡು ಹಾಕಿದ್ದೀವಿ, ಇನ್ನೊಂದು ನೂರು ಅಡಿ ನೋಡೇಬಿಡೋಣ ಅನ್ನುವ ಹಾಗೆ. ನಾನು ಒಪ್ಪುವುದಿಲ್ಲ. ಬೋರ್‌ವೆಲ್ ಬತ್ತಿದರೆ ಸಾಲ ಆ ರೈತನ ತಲೆಯ ಮೇಲೇ ಬೀಳುತ್ತದೆ. ಜಾನ್ಸನ್ ವಾಪಸ್ ಬಂದಿದ್ದರೆ ಏಟು ಬೀಳುತ್ತಿದ್ದದ್ದು ಅವರಿಗೆ, ಅದೂ ತಕ್ಷಣ. ಮುಂದುವರಿದರೆ ಏಟು ಸಾರ್ಜೆಂಟ್‌ಗಳಿಗೆ, ಅವರ ಮಕ್ಕಳಿಗೆ, ವಿಯೆಟ್ನಾಂನ ಹಳ್ಳಿಗಳಿಗೆ. ನನ್ನ ಉತ್ತರ ಅಂದರೆ ಇದೇ.

"ಪಾಪ, ಅವರಿಗೆ ಬೇರೆ ದಾರಿ ಇರಲಿಲ್ಲ ಅಲ್ವಾ?" ಅಂತ ಕೆಲವರು ಕೇಳುತ್ತಾರೆ. ಬಿಸಿ ತುಪ್ಪ ಬಾಯಲ್ಲಿತ್ತು, ನಿಜ. ಆದರೆ ಉಗುಳುವುದಕ್ಕೆ ಹೊತ್ತೂ ಇತ್ತು. 1964ರ ನವೆಂಬರ್‌ನಲ್ಲಿ ಅವರು ಶೇಕಡಾ 61ರಷ್ಟು ಮತ ಪಡೆದು ಗೆದ್ದಿದ್ದರು. 1965ರ ಫೆಬ್ರವರಿಯಲ್ಲಿ ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿ ಒಂದು ಪತ್ರ ಬರೆದು, ವಿರೋಧಿಗಳಿಗೆ ಹೆದರದೆ ಹೊರಬರಲು ಇದೇ ಸರಿಯಾದ ವರ್ಷ ಎಂದು ಬಿಡಿಸಿ ಹೇಳಿದರು. ಜಾನ್ಸನ್ ಮಾತ್ರ ಹಂಫ್ರಿಯನ್ನು ವಿಯೆಟ್ನಾಂ ಸಭೆಗಳಿಂದಲೇ ದೂರ ಇಟ್ಟರು. ಬರಬರುತ್ತಾ ಹಂಫ್ರಿಯೂ ಯುದ್ಧವನ್ನು ಸಮರ್ಥಿಸತೊಡಗಿದರು. 1968ರಲ್ಲಿ ಜಾನ್ಸನ್ ಮತ್ತೆ ನಿಲ್ಲುವುದಿಲ್ಲ ಎಂದಾಗ ಅವರ ಜಾಗಕ್ಕೆ ನಿಂತು, ವಿರೋಧ ಪಕ್ಷದ ನಿಕ್ಸನ್ ಎದುರು ಸೋತರು.

ಹಂಫ್ರಿ ಆ ಪತ್ರ ಬರೆದಾಗ ವಿಯೆಟ್ನಾಂನಲ್ಲಿ ಸತ್ತಿದ್ದ ಅಮೆರಿಕದ ಸೈನಿಕರು ಸಾವಿರವೂ ಇರಲಿಲ್ಲ. ಯುದ್ಧ ಮುಗಿಯುವಷ್ಟರಲ್ಲಿ ಅದು 58,000 ದಾಟಿತು. ವಿಯೆಟ್ನಾಂ ಜನರ ಲೆಕ್ಕ ಲಕ್ಷಗಳಲ್ಲಿದೆ.