ಕೋತಿ ಬಗ್ಗೆ ಯಾರಿಗೂ ತಕರಾರಿಲ್ಲ

ಮಂಡ್ಯ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಸಿಬಿಝಡ್ ಮೇಷ್ಟ್ರು, ಅಂದರೆ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದವನು. ಹೊಸದಾಗಿ ಕೆಲಸಕ್ಕೆ ಸೇರಿದ ವಿಜ್ಞಾನ ಶಿಕ್ಷಕರು ಆಗಾಗ ನನ್ನನ್ನು ಕೇಳುವ ಒಂದು ಪ್ರಶ್ನೆ ಇದೆ. ಹತ್ತನೇ ಕ್ಲಾಸಿಗೆ ಜೀವವಿಕಾಸದ (ಎವಲ್ಯೂಷನ್) ಪಾಠ ಮಾಡಿದರೆ ಊರಿನವರು ಗಲಾಟೆ ಮಾಡ್ತಾರಾ ಸಾರ್? ಅಮೆರಿಕದ ಸುದ್ದಿ ಓದಿ ಬಂದಿರುತ್ತಾರೆ, ಪಾಪ. ಗಲಾಟೆ ಆಗಲ್ಲ. ಆಗುವುದು ಬೇರೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅಮೆರಿಕದ ಕಥೆ ನಿಜಕ್ಕೂ ದೊಡ್ಡದು. 1925ರಲ್ಲಿ ಟೆನೆಸ್ಸಿ ರಾಜ್ಯದ ಡೇಟನ್ ಎಂಬ ಊರಲ್ಲಿ ಜಾನ್ ಸ್ಕೋಪ್ಸ್ ಎಂಬ ಮೇಷ್ಟ್ರ ಮೇಲೆ ಕೇಸು ಹಾಕಿ 100 ಡಾಲರ್ ದಂಡ ವಿಧಿಸಿದರು. ಮನುಷ್ಯ ಕೆಳಗಿನ ಪ್ರಾಣಿಗಳಿಂದ ಬಂದ ಅಂತ ಪಾಠ ಮಾಡಿದ್ದೇ ತಪ್ಪು. ಮಜಾ ಏನು ಗೊತ್ತಾ, ಆ ಪಾಠ ಇದ್ದ ಪುಸ್ತಕ ಅದೇ ರಾಜ್ಯ ಶಾಲೆಗಳಿಗೆ ಗೊತ್ತುಮಾಡಿದ್ದ ಪುಸ್ತಕ. ಪುಸ್ತಕ ಕೊಟ್ಟವರೂ ಅವರೇ, ಪಾಠ ಮಾಡಬೇಡ ಅಂದವರೂ ಅವರೇ. ಆ ಕಾಯ್ದೆ ಹೋಗಿದ್ದು 1967ರಲ್ಲಿ. 2006ರಲ್ಲಿ 34 ದೇಶಗಳ ಜನರ ಅಭಿಪ್ರಾಯ ಹೋಲಿಸಿದ ಒಂದು ಅಧ್ಯಯನ ಬಂತು. ವಿಕಾಸವನ್ನು ಒಪ್ಪುವವರ ಲೆಕ್ಕದಲ್ಲಿ ಅಮೆರಿಕಕ್ಕಿಂತ ಕೆಳಗೆ ಇದ್ದದ್ದು ಟರ್ಕಿ ಮಾತ್ರ. ಆ ಟರ್ಕಿಯೂ 2017ರಲ್ಲಿ ಹೈಸ್ಕೂಲ್ ಪಾಠದಿಂದ ವಿಕಾಸವನ್ನು ತೆಗೆಯಿತು.

ನಮ್ಮ ಕಡೆ ಹಾಗಿಲ್ಲ. ಪೋಷಕರ ಸಭೆಯಲ್ಲಿ ಒಮ್ಮೆ ನಾನೇ ವಿಷಯ ಎತ್ತಿದ್ದೆ, ಸುಮ್ನೆ ಏನಂತಾರೆ ನೋಡೋಣ ಅಂತ. ಹಿಂದಿನ ಸಾಲಲ್ಲಿ ಕೂತಿದ್ದ ಹಿರಿಯರೊಬ್ಬರು ನಕ್ಕುಬಿಟ್ಟರು. "ಕೋತಿಯಿಂದ ಬಂದೋರು ಅಂದ್ರೆ ನಮ್ಗೇನ್ ಬೇಜಾರು ಮೇಷ್ಟ್ರೇ, ಶನಿವಾರ ಶನಿವಾರ ಆಂಜನೇಯಂಗೆ ಕೈ ಮುಗಿಯೋರು ನಾವು!" ಎಲ್ಲರೂ ನಕ್ಕರು, ಸಭೆ ಮುಂದಕ್ಕೆ ಹೋಯಿತು. ಬಿಸಿಯೂಟದ ಬೇಳೆ ತೆಳ್ಳಗಿದೆ ಅನ್ನೋದಕ್ಕೆ ಅವತ್ತು ಇದಕ್ಕಿಂತ ಜಾಸ್ತಿ ಚರ್ಚೆ ಆಯಿತು.

ದೊಡ್ಡವರು ದೊಡ್ಡ ಜಾಗದಲ್ಲಿ ಮಾತಾಡಿದಾಗಲೂ ಅಷ್ಟೇ. 2018ರ ಜನವರಿಯಲ್ಲಿ, ಆಗ ಕೇಂದ್ರದಲ್ಲಿ ಮಾನವ ಸಂಪನ್ಮೂಲ ರಾಜ್ಯ ಸಚಿವರಾಗಿದ್ದ ಸತ್ಯಪಾಲ್ ಸಿಂಗ್, ಡಾರ್ವಿನ್ ಹೇಳಿದ್ದು ತಪ್ಪು, ಕೋತಿ ಮನುಷ್ಯ ಆಗಿದ್ದನ್ನು ನಮ್ಮ ಹಿರಿಯರು ಯಾರೂ ನೋಡಿಲ್ಲ, ಪಠ್ಯ ಬದಲಾಗಬೇಕು ಅಂದರು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯೂ ಸೇರಿ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಅದಕ್ಕೆ ಉತ್ತರ ಕೊಟ್ಟವು. ಮರುವರ್ಷ ಜಲಂಧರ್‌ನಲ್ಲಿ ನಡೆದ ವಿಜ್ಞಾನ ಕಾಂಗ್ರೆಸ್‌ನಲ್ಲಿ ಆಂಧ್ರ ವಿಶ್ವವಿದ್ಯಾಲಯದ ಆಗಿನ ಕುಲಪತಿಗಳು ಡಾರ್ವಿನ್‌ಗಿಂತ ದಶಾವತಾರವೇ ಮೇಲು ಅಂದರು. ಟಿವಿಯಲ್ಲಿ ಎರಡು ದಿನ ಕಿತ್ತಾಟ. ನಮ್ಮ ಊರಿನ ಟೀ ಅಂಗಡಿಯಲ್ಲಿ ಯಾರ ಬಾಯಲ್ಲೂ ಅದು ಬರಲಿಲ್ಲ. ಕೆಆರ್‌ಎಸ್ ನೀರಿನ ಮಟ್ಟ ಎಷ್ಟು ಅನ್ನೋದೇ ಮಾತು.

ಹಾಗಾದರೆ ನಮ್ಮ ಜನರ ಮನಸ್ಸಲ್ಲಿ ಇರುವುದೇನು? "ಪರೀಕ್ಷೆಗೆ ಬರ್ತದಾ?" ಇಷ್ಟೇ. ಮಕ್ಕಳೂ ಇದನ್ನೇ ಕೇಳುತ್ತಾರೆ, ಪೋಷಕರೂ ಇದನ್ನೇ ಕೇಳುತ್ತಾರೆ. ನಿಜ ಹೇಳಬೇಕೆಂದರೆ ಸ್ಟಾಫ್ ರೂಮಿನಲ್ಲಿ ನಾವೂ ಇದನ್ನೇ ಕೇಳುತ್ತೇವೆ. ವಿಜ್ಞಾನದ ಲಿಖಿತ ಪರೀಕ್ಷೆ 80 ಅಂಕಕ್ಕೆ. ಅದರಲ್ಲಿ ಈ ಪಾಠದ ಪಾಲು ಚಿಕ್ಕದು. ಗುಣಗಳು ತಲೆಮಾರಿಂದ ತಲೆಮಾರಿಗೆ ದಾಟುವುದನ್ನು ತೋರಿಸುವ ಮೆಂಡೆಲ್‌ನ ಬಟಾಣಿ ಗಿಡದ ಚೌಕ ಬರೆಯುವುದು ಕಲಿಸಿದರೆ ಅಂಕ ಖಾತ್ರಿ. ವಿಕಾಸದ ಭಾಗ ಓದಿಸಿ, ಎರಡು ವ್ಯಾಖ್ಯೆ ಬಾಯಿಪಾಠ ಮಾಡಿಸಿ ಮುಗಿಸಿದರೆ ಯಾರೂ ಕೇಳಲ್ಲ. ಮೇಲಿನವರು ಬಂದು ನೋಡುವುದು ರಿಸಲ್ಟ್. ಹೀಗಾಗಿ ಯಾವ ಕಾಯ್ದೆಯೂ ಇಲ್ಲದೆ, ಯಾವ ಗಲಾಟೆಯೂ ಇಲ್ಲದೆ ಎಷ್ಟೋ ಶಾಲೆಯಲ್ಲಿ ಡಾರ್ವಿನ್ ತನ್ನಷ್ಟಕ್ಕೆ ತಾನೇ ಹೊರಗುಳಿಯುತ್ತಾನೆ.

ಎದುರು ಮಾತಾಡುವವರಿಗೆ ಉತ್ತರ ಕೊಡಬಹುದು. "ಹೂಂ ಸಾ" ಅನ್ನುವವರಿಗೆ ಏನು ಕೊಡೋದು? ನನ್ನ ಕ್ಲಾಸಿನಲ್ಲಿ ಎಲ್ಲರೂ ವಿಕಾಸವನ್ನು ಒಪ್ಪುತ್ತಾರೆ. ದಶಾವತಾರವನ್ನೂ ಜೊತೆಗೇ ಒಪ್ಪುತ್ತಾರೆ, ಎರಡೂ ಒಂದೇ ಅನ್ನುತ್ತಾರೆ. ಮೀನು, ಆಮೆ, ಹಂದಿ, ಅರ್ಧ ಸಿಂಹ, ಕುಳ್ಳ ಮನುಷ್ಯ, ಆಮೇಲೆ ಪೂರ್ತಿ ಮನುಷ್ಯ. ಸರಿಯಾಗಿದೆ ಅಲ್ವಾ ಸಾ? ನಾನು ಇದಕ್ಕೆ ನಗುವುದಿಲ್ಲ, ಗದರಿಸುವುದೂ ಇಲ್ಲ. ಈ ಹೋಲಿಕೆ ಅಚ್ಚಿನಲ್ಲಿ ಓಡಾಡಲು ಶುರುವಾಗಿದ್ದು 19ನೇ ಶತಮಾನದ ಕೊನೆಯಲ್ಲಿ. 1859ರಲ್ಲಿ ಡಾರ್ವಿನ್ ಪುಸ್ತಕ ಬಂದ ಮೇಲೆ. ಥಿಯಾಸಫಿಕಲ್ ಸೊಸೈಟಿ ಕಟ್ಟಿದವರಲ್ಲಿ ಒಬ್ಬರಾದ ಮೇಡಂ ಬ್ಲಾವಟ್‌ಸ್ಕಿ 1877ರಲ್ಲಿ ಇದನ್ನು ಬರೆದರು. ಇಷ್ಟು ಹೇಳಿ ಮಕ್ಕಳಿಗೆ ಒಂದೇ ಪ್ರಶ್ನೆ ಹಾಕುತ್ತೇನೆ. ದೇವರು ಅವತಾರ ಎತ್ತುವುದು ಯಾತಕ್ಕೆ? ಕೆಟ್ಟವರನ್ನು ಸಂಹಾರ ಮಾಡಕ್ಕೆ ಸಾ. ಸರಿ, ಮೀನಿಗೆ ಮುಂದೆ ಕಪ್ಪೆ ಆಗಬೇಕು ಅನ್ನೋ ಉದ್ದೇಶ ಏನಾದರೂ ಇತ್ತಾ? ಇಲ್ಲಿ ಕ್ಲಾಸು ಸುಮ್ಮನಾಗುತ್ತದೆ. ವಿಕಾಸಕ್ಕೆ ಗುರಿ ಇಲ್ಲ ಅನ್ನುವುದು ಅವರಿಗೆ ಮೊದಲ ಸಲ ತಟ್ಟುವುದು ಅಲ್ಲಿ. ದೇವರ ತಂಟೆಗೆ ಹೋಗುವ ಅಗತ್ಯವೇ ಬರುವುದಿಲ್ಲ.

ಒಪ್ಪಿಕೊಂಡವರಿಗೆ ಎಷ್ಟು ಅರ್ಥವಾಗಿದೆ ಅಂತ ನೋಡಬೇಕಾದರೆ ಜಿಗಿಹುಳದ ಪ್ರಶ್ನೆ ಕೇಳಿ. ನಾಲೆ ಬಯಲಿನ ಭತ್ತಕ್ಕೆ ಕಂದು ಜಿಗಿಹುಳದ ಕಾಟ ಎಲ್ಲ ಮನೆಗೂ ಗೊತ್ತು. ಮೊದಲು ಒಂದು ಸಲ ಹೊಡೆದರೆ ಸಾಯುತ್ತಿದ್ದ ಹುಳ ಈಗ ಯಾಕೆ ಸಾಯಲ್ಲ? ಇಡೀ ಕ್ಲಾಸು ಒಟ್ಟಿಗೆ ಹೇಳುತ್ತದೆ, "ಹುಳಕ್ಕೆ ಔಷ್ದಿ ಒಗ್ಗೋಗದೆ ಸಾ." ಅವರ ಅಪ್ಪಂದಿರು ಹೇಳುವುದೂ ಇದನ್ನೇ, ಗೊಬ್ಬರದ ಅಂಗಡಿಯವನು ಹೇಳುವುದೂ ಇದನ್ನೇ. ಆದರೆ ಯಾವ ಹುಳಕ್ಕೂ ಏನೂ ಒಗ್ಗಿಲ್ಲ. ಔಷಧಿ ಬಿದ್ದಾಗ ಬಹುಪಾಲು ಸತ್ತವು. ಹುಟ್ಟಿನಿಂದಲೇ ಸ್ವಲ್ಪ ಬೇರೆ ಥರ ಇದ್ದ ನಾಲ್ಕಾರು ಉಳಿದವು, ಮರಿ ಹಾಕಿದ್ದು ಅವು. ಅದೇ ಔಷಧಿ ಮತ್ತೆ ಮತ್ತೆ ಹೊಡೆದ ಹಾಗೆ ಗದ್ದೆ ತುಂಬಾ ಅವುಗಳ ಸಂತಾನವೇ ತುಂಬಿಕೊಂಡಿತು. ಇಮಿಡಾಕ್ಲೋಪ್ರಿಡ್ ಔಷಧಿಗೆ ಈ ಹುಳ ಜಗ್ಗದೆ ಹೋದದ್ದು 2003ರ ಸುಮಾರಿನಿಂದ ಏಷ್ಯಾದ ಹಲವು ಭತ್ತದ ನಾಡುಗಳಲ್ಲಿ ದಾಖಲಾಗಿದೆ. ನೈಸರ್ಗಿಕ ಆಯ್ಕೆ ಅಂದರೆ ಇದೇ ಕಣ್ರೋ ಅಂದಾಗ ಒಬ್ಬ ಹುಡುಗ ಮನೆಗೆ ಹೋಗಿ ಅಪ್ಪನಿಗೆ, ಒಂದೇ ಔಷಧಿ ಪದೇ ಪದೇ ಹೊಡೀಬೇಡ ಅಂದನಂತೆ. ಅಪ್ಪ ಕೇಳಿದರೋ ಇಲ್ಲವೋ ಗೊತ್ತಿಲ್ಲ.

ಇದನ್ನು ಬರೀ ಬಾಯಲ್ಲಿ ಹೇಳಿದರೆ ಮರೆತುಹೋಗುತ್ತದೆ, ಆಡಿಸಬೇಕು. ಶಾಲೆಯ ಮೈದಾನದ ಕೆಂಪು ಮಣ್ಣಿನ ಮೇಲೆ ಹುರುಳಿ ಕಾಳು, ಬಿಳಿ ಅಲಸಂದೆ ಕಾಳು ಸಮ ಎಣಿಸಿ ಚೆಲ್ಲುತ್ತೇನೆ. ಮಕ್ಕಳೇ ಹಕ್ಕಿಗಳು. ಅರ್ಧ ನಿಮಿಷ ಆರಿಸಬೇಕು, ಉಳಿದ ಕಾಳಿಗೆ ಅಷ್ಟೇ ಕಾಳು ಅದೇ ಜಾತಿಯದು ಸೇರಿಸಬೇಕು, ಮತ್ತೆ ಆರಿಸಬೇಕು. ನಾಲ್ಕು ಸುತ್ತಾಗುವ ಹೊತ್ತಿಗೆ ನೆಲದ ತುಂಬಾ ಹುರುಳಿ. ಯಾವ ಅಲಸಂದೆ ಕಾಳೂ ಬಣ್ಣ ಬದಲಾಯಿಸಿಕೊಂಡು ಹುರುಳಿ ಆಗಲಿಲ್ಲ ಅನ್ನುವುದು ಆಗ ತಾನಾಗಿ ಕಾಣುತ್ತದೆ. ಖರ್ಚು ಒಂದು ಸೇರು ಕಾಳು. ಕೊನೆಗೆ ಹೆಚ್ಚಿನದು ಕೋಳಿ ಪಾಲು.

"ಯಾರೂ ನೋಡಿಲ್ಲ" ಅನ್ನುವ ಮಾತಿಗೆ ಉತ್ತರ ನಮ್ಮ ಮೈಸೂರಿನಲ್ಲೇ ಇದೆ, ಇದು ನಮ್ಮ ಮೇಷ್ಟ್ರುಗಳಿಗೇ ಗೊತ್ತಿಲ್ಲ. ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಆವರಣದಲ್ಲಿ ದಶಕಗಳಿಂದ ಹಣ್ಣಿನ ನೊಣ ಸಾಕಿ ಸಂಶೋಧನೆ ಮಾಡುತ್ತಾರೆ. ಬಾಳೆಹಣ್ಣು ಕೊಳೆತರೆ ಮುತ್ತಿಕೊಳ್ಳುತ್ತದಲ್ಲ, ಆ ಥರದ ನೊಣ, ಡ್ರೊಸೊಫಿಲ. ಅಲ್ಲಿ ಎಚ್.ಎ. ರಂಗನಾಥ್, ಎನ್.ಬಿ. ರಾಮಚಂದ್ರ ಮುಂತಾದವರು 8 ಕ್ರೋಮೋಸೋಮ್ (ಗುಣಗಳನ್ನು ಹೊತ್ತ ವರ್ಣತಂತು) ಇರುವ ನಸುಟ ನೊಣಕ್ಕೂ 6 ಇರುವ ಅಲ್ಬೊಮಿಕಾನ್ಸ್ ನೊಣಕ್ಕೂ ಸಂಕರ ಮಾಡಿ, ಮರಿಗಳನ್ನು ತಲೆಮಾರಿನಿಂದ ತಲೆಮಾರಿಗೆ ಸಾಕುತ್ತಾ ಹೋದರು. ತಮ್ಮದೇ ಕ್ರೋಮೋಸೋಮ್ ಜೋಡಣೆ ಇರುವ ಹೊಸ ತಳಿಗಳು ಪ್ರಯೋಗಾಲಯದಲ್ಲೇ ಮೂಡಿದವು. ಸೈಟೋರೇಸ್ ಅಂತ ಅವುಗಳ ಹೆಸರು. ವಿಕಾಸದ ಒಂದೊಂದು ಹೆಜ್ಜೆಯನ್ನು ಬಾಟಲಿಯಲ್ಲಿ ಇಟ್ಟು ನೋಡಿದ್ದು ನಮ್ಮಿಂದ ಒಂದು ಗಂಟೆ ಬಸ್ ದಾರಿಯಲ್ಲಿ. ನಾವು ಮಾತ್ರ ಇಂದಿಗೂ ಡಾರ್ವಿನ್ ನೋಡಿದ ಗ್ಯಾಲಪಗೋಸ್ ದ್ವೀಪದ ಹಕ್ಕಿ ಕೊಕ್ಕಿನ ಚಿತ್ರ ಬಿಡಿಸುತ್ತಾ ಕೂತಿದ್ದೇವೆ.

ಮೈಸೂರು ಅಂದರೆ ಮಕ್ಕಳಿಗೆ ಮೃಗಾಲಯ. ಪ್ರವಾಸದಲ್ಲಿ ಚಿಂಪಾಂಜಿ ಮುಂದೆ, 2021ರಲ್ಲಿ ಜರ್ಮನಿಯಿಂದ ತಂದ ಗೊರಿಲ್ಲಾ ಮುಂದೆ ಒಂದೇ ಪ್ರಶ್ನೆ. ಇವು ಯಾಕೆ ಇನ್ನೂ ಮನುಷ್ಯ ಆಗಿಲ್ಲ ಸಾ? ನಾನು ಹೇಳುವುದು, ಚಿಂಪಾಂಜಿ ನಿಮ್ಮ ತಾತ ಅಲ್ಲ ಕಣ್ರೋ, ದಾಯಾದಿ. ಸುಮಾರು 60–70 ಲಕ್ಷ ವರ್ಷದ ಹಿಂದೆ ಇದ್ದ ಒಂದು ಮನೆತನ ಎರಡು ಪಾಲಾಯಿತು. ಆ ಮೂಲದವರು ಈಗಿನ ಚಿಂಪಾಂಜಿಯ ಹಾಗೂ ಇರಲಿಲ್ಲ, ನಮ್ಮ ಹಾಗೂ ಇರಲಿಲ್ಲ. ಮಂಡ್ಯದ ಮಕ್ಕಳಿಗೆ ದಾಯಾದಿ ಅಂದರೆ ಬೇರೆ ವಿವರಣೆ ಬೇಡ. "ಆಸ್ತಿ ಭಾಗ ಕೇಳಲ್ವಾ ಸಾ?" ಅಂದಳು ಒಬ್ಬಳು. ಕಾಡು ಪೂರ್ತಿ ನಾವೇ ಹೊಡ್ಕೊಂಡಿದ್ದೀವಲ್ಲವ್ವಾ ಅಂದೆ.

ಇಷ್ಟರ ತನಕ ಎಲ್ಲ ಸಲೀಸು. ನಿಜವಾದ ಇಕ್ಕಟ್ಟು ಬಂದದ್ದು ಪಾಠದ ಕೊನೆಯ ಪುಟದಲ್ಲಿ, ಅದೂ ಕೋತಿಯಿಂದ ಅಲ್ಲ. ಮನುಷ್ಯರೆಲ್ಲ ಒಂದೇ ಪ್ರಭೇದ, ಚರ್ಮದ ಬಣ್ಣ ನೋಡಿ ಜನಾಂಗ ಬೇರೆ ಅನ್ನುವುದಕ್ಕೆ ಆಧಾರ ಇಲ್ಲ, ನಮ್ಮೆಲ್ಲರ ಬೇರು ಆಫ್ರಿಕಾದಲ್ಲಿದೆ ಅಂತ ಅಲ್ಲಿ ಇತ್ತು. ರಾಗಿ ಆಫ್ರಿಕಾದ್ದು ಅಂದರೆ ಮಕ್ಕಳಿಗೆ ಖುಷಿ. ಪೂರ್ವ ಆಫ್ರಿಕಾದ ಎತ್ತರದ ನಾಡಿನಿಂದ ಬಂದದ್ದು, ನಮ್ಮ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರ್ಮಿನಲ್ಲಿ ರಾಗಿ ವಿಜ್ಞಾನಿ ಲಕ್ಷ್ಮಣಯ್ಯನವರು ಇಲ್ಲಿನ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿ ಕೊಟ್ಟರು ಅಂದರೆ ಇನ್ನೂ ಖುಷಿ. ಮುದ್ದೆ ಆಫ್ರಿಕಾದ್ದಾದರೆ ಪರವಾಗಿಲ್ಲ, ತಿನ್ನುವವರು ಆಫ್ರಿಕಾದವರು ಅಂದಾಗ ಮುಖ ಮುಖ ನೋಡಿಕೊಂಡರು. ಆಗ ಒಬ್ಬಳು ಹುಡುಗಿ ಎದ್ದು ನಿಂತಳು. ಎಲ್ಲರೂ ಒಂದೇ ಕಡೆಯಿಂದ ಬಂದೋರಾದ್ರೆ ನಮ್ಮೂರಲ್ಲಿ ಬೀದಿ ಬೇರೆ ಬೇರೆ ಆಗಿದ್ದು ಯಾವಾಗ ಸಾ?

ಅದು ಪುಸ್ತಕದಲ್ಲಿಲ್ಲ. ಆದರೂ ಗೊತ್ತಿದ್ದಷ್ಟು ಹೇಳಿದೆ. ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಸಿಸಿಎಂಬಿಯ ವಿಜ್ಞಾನಿಗಳು ಅಮೆರಿಕದವರ ಜೊತೆ ಸೇರಿ 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಸುಮಾರು 4,200ರಿಂದ 1,900 ವರ್ಷಗಳ ಹಿಂದೆ ಈ ದೇಶದಲ್ಲಿ ಬೇರೆ ಬೇರೆ ಮೂಲದ ಜನ ಧಾರಾಳವಾಗಿ ಬೆರೆತಿದ್ದರು, ತಮ್ಮ ತಮ್ಮ ಗುಂಪಿನೊಳಗೇ ಮದುವೆ ಅನ್ನುವುದು ಬಿಗಿಯಾದದ್ದು ಆಮೇಲೆ, ಅಂತ ಅವರ ಲೆಕ್ಕ. ರಕ್ತದಲ್ಲಿ ಎಲ್ಲರ ಪಾಲೂ ಎಲ್ಲರಲ್ಲೂ ಇದೆ ಕಣವ್ವಾ ಅಂದೆ.

ಮಾರನೇ ವಾರ ಒಬ್ಬ ಪೋಷಕರು ಬಂದರು. ಜಗಳಕ್ಕಲ್ಲ, ಮರ್ಯಾದೆಯಿಂದಲೇ ಬಂದು ಕೂತರು. "ಮಂಗನ ವಿಚಾರ ಬುಡಿ ಮೇಷ್ಟ್ರೇ. ಎಲ್ಲಾ ಒಂದೇ ಅಂತ ಹೇಳ್ಕೊಟ್ರಂತಲ್ಲ. ನಾಳೆ ನಮ್ ಹೆಣ್ಮಗ ಬಂದು ಅದೇ ಮಾತಾಡುದ್ರೆ ಏನ್ ಮಾಡಾದು?" ನೋಡಿ, ಟೆನೆಸ್ಸಿಯವರಿಗೆ ಬೈಬಲಿನ ಚಿಂತೆ. ನಮ್ಮವರಿಗೆ ಮದುವೆಯ ಚಿಂತೆ.

ನಾನು ವಾದ ಮಾಡಲಿಲ್ಲ. ಪುಸ್ತಕ ತೆಗೆದು ಆ ಪುಟ ತೋರಿಸಿದೆ. ಸರ್ಕಾರದ ಪುಸ್ತಕ ಅಣ್ಣ, ನಾನು ಸೇರಿಸಿದ್ದಲ್ಲ ಅಂದೆ. ಬೆರಳಿಟ್ಟುಕೊಂಡು ಪೂರ್ತಿ ಓದಿದರು. ಆಮೇಲೆ ಕೇಳಿದರು, "ಪರೀಕ್ಷೆಗೆ ಬರ್ತದಾ?" ಬರಬಹುದು ಅಂದೆ. "ಹಂಗಾದ್ರೆ ಹೇಳ್ಕೊಡಿ" ಅಂದು ಎದ್ದು ಹೋದರು. ಇಷ್ಟು ದಿನ ನನಗೆ ತಲೆನೋವಾಗಿದ್ದ ಆ ಪ್ರಶ್ನೆಯೇ ಅವತ್ತು ನನ್ನನ್ನು ಕಾಪಾಡಿತು.

ಅದಕ್ಕೇ 2023ರ ಸುದ್ದಿ ನನಗೆ ಬೇರೆ ಥರ ಕೇಳಿಸಿತು. ಕೇಂದ್ರದ ಪಠ್ಯಪುಸ್ತಕ ಮಾಡುವ ಎನ್‌ಸಿಇಆರ್‌ಟಿ ತನ್ನ ಹತ್ತನೇ ತರಗತಿ ಪುಸ್ತಕದಲ್ಲಿ "ಅನುವಂಶೀಯತೆ ಮತ್ತು ಜೀವವಿಕಾಸ" ಅಂತ ಇದ್ದ ಪಾಠವನ್ನು ಬರೀ "ಅನುವಂಶೀಯತೆ" ಮಾಡಿತು. ಮಕ್ಕಳ ಹೊರೆ ಇಳಿಸಲು ಅಂದರು, ಹನ್ನೆರಡನೇ ತರಗತಿಯಲ್ಲಿ ಇದ್ದೇ ಇದೆಯಲ್ಲ ಅಂದರು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಪತ್ರಕ್ಕೆ ಸಹಿ ಹಾಕಿ ಬೇಡ ಅಂದರು. ಹನ್ನೆರಡರಲ್ಲಿ ಇದೆ, ನಿಜ. ಆದರೆ ನಮ್ಮ ಮಕ್ಕಳಲ್ಲಿ ಪಿಯುಸಿಗೆ ಜೀವಶಾಸ್ತ್ರ ತಗೊಳ್ಳುವವರು ಎಷ್ಟು ಜನ? ಕಾಮರ್ಸಿಗೆ, ಕಲಾ ವಿಭಾಗಕ್ಕೆ, ಐಟಿಐಗೆ ಹೋಗುವವರು ಜಾಸ್ತಿ, ಅಪ್ಪನ ಜೊತೆ ಗದ್ದೆಗೆ ಇಳಿದು ಔಷಧಿ ಹೊಡೆಯುವವರೂ ಇದ್ದಾರೆ. ಅವರಿಗೆ ಹತ್ತನೇ ಕ್ಲಾಸೇ ಕೊನೆಯ ಅವಕಾಶ. ಸ್ಟಾಫ್ ರೂಮಿನಲ್ಲಿ ಸುದ್ದಿ ಓದಿದ ಗೆಳೆಯರೊಬ್ಬರು "ಒಂದು ಪಾಠ ಕಡಿಮೆ ಆದ್ರೆ ಒಳ್ಳೇದೇ ಬಿಡಿ" ಅಂದರು. ಆ ಪೋಷಕರು ಬಂದು ಕೂತಾಗ ತೆಗೆದು ತೋರಿಸಲು ಪುಟವೇ ಇಲ್ಲದಿದ್ದರೆ ನಾನು ಏನು ತೋರಿಸುತ್ತಿದ್ದೆ ಹೇಳಿ ಅಂದೆ. ಅವರು ಚಹಾ ಕುಡಿದು ಕ್ಲಾಸಿಗೆ ಹೋದರು.

ಹೊಸಬರಿಗೆ ಹೇಳುವುದು ಇಷ್ಟು. ಈ ಪಾಠವನ್ನು ದಸರಾ ರಜೆಗೆ ಮುಂಚೆ ಮುಗಿಸಿ. ಆಮೇಲೆ ಸಂಜೆ ತರಗತಿ, ಪಾಸಿಂಗ್ ಪ್ಯಾಕೇಜ್ ಶುರುವಾದರೆ ಯಾರಿಗೂ "ಯಾಕೆ" ಅಂತ ಕೇಳುವ ಪುರುಸೊತ್ತು ಇರಲ್ಲ. ಕೋತಿಯನ್ನು ಕೊನೆಗೆ ಇಡಿ, ಜಿಗಿಹುಳದಿಂದ ಶುರು ಮಾಡಿ. ಬಾಗಿದ ಕೋತಿ ನಾಲ್ಕೈದು ಹೆಜ್ಜೆಯಲ್ಲಿ ನೆಟ್ಟಗಾಗಿ ಮನುಷ್ಯ ಆಗುವ ಆ ಚಿತ್ರವನ್ನು ಬೋರ್ಡಿನ ಮೇಲೆ ಹಾಕಲೇಬೇಡಿ, ಅದು ತಲೆಯಲ್ಲಿ ಕೂತರೆ ವರ್ಷಗಟ್ಟಲೆ ಹೋಗಲ್ಲ. ಬೀದಿಯ ಪ್ರಶ್ನೆ ಬಂದರೆ ಸಮಾಜ ವಿಜ್ಞಾನದವರಿಗೆ ದಾಟಿಸಿ ಜಾರಿಕೊಳ್ಳಬೇಡಿ. ಹುರುಳಿ–ಅಲಸಂದೆ ಆಟದ ಲೆಕ್ಕದ ಹಾಳೆ ಕನ್ನಡದಲ್ಲಿ ಮಾಡಿಟ್ಟಿದ್ದೇನೆ. ಬೇಕಾದವರು ಹೇಳಿ, ಕಳಿಸುತ್ತೇನೆ.