ಎಕ್ಸಿಟ್ ಡೇಟ್ 21-03-2020

2022ರ ಏಪ್ರಿಲ್‌ನಲ್ಲಿ ನಡೆದದ್ದು. ನಾನು ಗಾರ್ಮೆಂಟ್ಸ್ ಕಾರ್ಖಾನೆಯೊಂದರ ಎಚ್‌ಆರ್. ಸಂಬಳದ ಶೀಟ್ ಮುಗಿಸಿ ಇಸಿಆರ್, ಅಂದರೆ ಪಿಎಫ್‌ನ ತಿಂಗಳ ಲೆಕ್ಕ, ಅಪ್‌ಲೋಡ್ ಮಾಡೋಣ ಅಂತ ಕೂತಿದ್ದೆ. ಮೂರನೇ ಲೈನಿನ ಕಾಲರ್ ಅಕ್ಕ ಬಾಗಿಲಲ್ಲಿ ಬಂದು ನಿಂತರು. ಫ್ಲೋರ್‌ನಲ್ಲಿ ಎಲ್ಲರೂ ಅವರನ್ನು ಕರೆಯುವುದೇ ಹಾಗೆ. ಕಾಲರ್ ಅಟ್ಯಾಚ್‌ಗೆ ಅವರು ಕೂತರೆ ರೀವರ್ಕ್ ಬರುವುದೇ ಇಲ್ಲ, ಚೆಕಿಂಗ್‌ನವರು ಅವರ ಬಂಡಲ್ ಬಿಚ್ಚಿ ನೋಡುವುದನ್ನೂ ಬಿಟ್ಟಿದ್ದಾರೆ.

"ಸಾರ್, ಮಗಳ ಬಾಣಂತನ. ಊರಿಗೆ ಹೋಯ್ತೀನಿ, ಇನ್ನು ಬರಲ್ಲ. ಗ್ರಾಚ್ಯುಟಿ ಎಷ್ಟು ಬತ್ತದೆ ನೋಡಿ."

ಕೆಲಸ ಬಿಡುವಾಗ ಸರ್ವಿಸ್ ಲೆಕ್ಕದಲ್ಲಿ ಕೈಗೆ ಬರುವ ದುಡ್ಡು ಅದು. ಸಿಸ್ಟಮ್‌ನಲ್ಲಿ ಅವರ ನಂಬರ್ ಹಾಕಿದೆ. ಜಾಯಿನಿಂಗ್ ಡೇಟ್ 09-11-2020. ಒಂದು ವರ್ಷ ಐದು ತಿಂಗಳು. ಸ್ಕ್ರೀನ್‌ನಿಂದ ಕಣ್ಣು ತೆಗೆಯದೆ, "ಬರಲ್ಲ ಅಕ್ಕ, ಐದು ವರ್ಷ ಆಗಬೇಕು" ಅಂದೆ.

ಅವರು ಮಾತಾಡಲಿಲ್ಲ. ರವಿಕೆಯೊಳಗಿಂದ ಪ್ಲಾಸ್ಟಿಕ್ ಕವರ್ ತೆಗೆದರು. ಅದರಲ್ಲಿ ಎರಡು ಕಾರ್ಡ್. ಮೇಲಿನದು ಈಗಿನ ನಂಬರ್, 2603. ಹಿಂದಿನದು 1147, ಡಿಸೆಂಬರ್ 2015ರದ್ದು. ಅಂಚು ಸವೆದು ಫೋಟೊ ಅರ್ಧ ಬೆಳ್ಳಗಾಗಿತ್ತು. ಎರಡನ್ನೂ ನನ್ನ ಕೀಬೋರ್ಡ್ ಮೇಲೆ ಅಕ್ಕಪಕ್ಕ ಇಟ್ಟರು. ಬಲಗೈ ತೋರುಬೆರಳಿನ ಉಗುರಲ್ಲಿ ಸೂಜಿ ಹೊಕ್ಕಿದ್ದ ಹಳೇ ಕಪ್ಪು ಗುರುತು. ಆ ಸೂಜಿ ಚುಚ್ಚಿದ್ದು 2018ರಲ್ಲಿ, ಕಾರ್ಮಿಕರ ವಿಮೆಯಾದ ಇಎಸ್‌ಐಗೆ ಆಕ್ಸಿಡೆಂಟ್ ರಿಪೋರ್ಟ್ ಬರೆದವನು ನಾನೇ.

"ಇದು ಯಾರ್ದು ಸಾರ್?"

"ನಿಮ್ದೇ. ಆದ್ರೆ ಮಧ್ಯದಲ್ಲಿ ಕೆಲಸ ಬಿಟ್ಟಿದ್ರಲ್ಲಾ..."

"ನಾನೆಲ್ಲಿ ಬುಟ್ಟೆ? ಗೇಟ್ ಮುಚ್ಚಿದ್ದು ನೀವಲ್ವಾ?"

ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. "ಸೋಮವಾರ ಬನ್ನಿ, ನೋಡ್ತೀನಿ" ಅಂದೆ. ಕಾರ್ಡ್ ಎರಡನ್ನೂ ಜೋಪಾನವಾಗಿ ಕವರ್‌ಗೆ ಹಾಕಿಕೊಂಡು ಹೋದರು. ಇಸಿಆರ್ ಅವತ್ತು ಹೋಗಲಿಲ್ಲ.

2020ರ ಮಾರ್ಚ್ 21ರ ಶನಿವಾರ ಕೊನೆಯ ಶಿಫ್ಟ್. ಭಾನುವಾರ ಜನತಾ ಕರ್ಫ್ಯೂ, ಆಮೇಲೆ ಲಾಕ್‌ಡೌನ್. ಮೇ ತಿಂಗಳಲ್ಲಿ ಕಾರ್ಖಾನೆ ತೆರೆದಾಗ ಎಂಟು ಲೈನಿನಲ್ಲಿ ಮೂರು ಮಾತ್ರ ಓಡಿದವು. ಬಯರ್ ಆರ್ಡರ್ ಕ್ಯಾನ್ಸಲ್ ಮಾಡಿದ್ದ, ಕಟ್ಟಿಂಗ್ ಆಗಿದ್ದ ಬಟ್ಟೆ ಹಾಗೇ ಗೋಡೌನ್‌ನಲ್ಲಿ ಬಿದ್ದಿತ್ತು. ನಾವು ಮಾಸ್ಕ್ ಹೊಲಿದೆವು, ಪಿಪಿಇ ಹೊಲಿದೆವು. ಸರ್ಕಾರಿ ಬಸ್ಸು ಶುರುವಾಗಿದ್ದೇ ಮೇ 19ಕ್ಕೆ, ಅದೂ ಒಂದು ಬಸ್ಸಿಗೆ 30 ಜನ. ಮದ್ದೂರು, ಮಳವಳ್ಳಿ ಕಡೆ ಊರಿಗೆ ಹೋಗಿದ್ದ ಹೆಣ್ಣುಮಕ್ಕಳು ಹೇಗೆ ಬರಬೇಕಿತ್ತು? ನಾನು ವಾಟ್ಸ್‌ಆ್ಯಪ್‌ನಲ್ಲಿ ಒಂದು ಮೆಸೇಜ್ ಬಿಟ್ಟೆ: ಸೋಮವಾರದೊಳಗೆ ಹಾಜರಾಗದಿದ್ದರೆ ಹೆಸರು ತೆಗೆಯಲಾಗುವುದು. ನಮ್ಮ ರಿಜಿಸ್ಟರ್‌ನಲ್ಲಿರುವ ಎಷ್ಟೋ ನಂಬರ್ ಗಂಡನದು, ಇಲ್ಲಾ ಪಕ್ಕದ ಮನೆಯವರದು. ಮೆಸೇಜ್ ಯಾರಿಗೆ ಮುಟ್ಟಿತು, ಯಾರಿಗೆ ಇಲ್ಲ ಅಂತ ನಾನು ನೋಡಲಿಲ್ಲ.

64 ಜನ ಬರಲಿಲ್ಲ. ಲಿಸ್ಟ್ ಕಳಿಸಿ ಅಂತ ಮೇಲಿಂದ ಹೇಳಿದರು. ಪಿಎಫ್ ಪೋರ್ಟಲ್‌ನಲ್ಲಿ 64 ಜನಕ್ಕೂ ಎಕ್ಸಿಟ್, ಅಂದರೆ ಕೆಲಸ ಬಿಟ್ಟರು ಅಂತ, ಹಾಕಿದವನು ನಾನು. ತಾರೀಖು 21-03-2020. ಆಗ ನನ್ನ ಮನಸ್ಸಿನಲ್ಲಿದ್ದದ್ದು ಇಷ್ಟೇ: ಎಕ್ಸಿಟ್ ಆದರೆ ಪೂರ್ತಿ ಪಿಎಫ್ ತೆಗೆದುಕೊಳ್ಳಬಹುದು, ಕಷ್ಟಕಾಲದಲ್ಲಿ ನಾಲ್ಕು ಕಾಸು ಕೈಗೆ ಬರುತ್ತೆ. ಒಳ್ಳೆಯದನ್ನೇ ಮಾಡುತ್ತಿದ್ದೇನೆ ಅಂತ ನಂಬಿದ್ದೆ. ಇನ್ನೊಂದು ವಿಷಯ ಈಗಲೂ ಚುಚ್ಚುತ್ತೆ. ಆಗಸ್ಟ್‌ನಲ್ಲಿ ಇಎಸ್‌ಐನ ಅಟಲ್ ಬೀಮಿತ್ ಯೋಜನೆಯಲ್ಲಿ ಕೆಲಸ ಹೋದವರಿಗೆ ಕೊಡುವ ಪರಿಹಾರವನ್ನು ಸಂಬಳದ 25%ನಿಂದ 50%ಗೆ ಏರಿಸಿದರು. 90 ದಿನದವರೆಗೆ ಸಿಗುತ್ತಿತ್ತು. ಕಾರ್ಖಾನೆ ಮೂಲಕ ಹೋಗಬೇಕಾಗಿಯೂ ಇರಲಿಲ್ಲ, ನೇರವಾಗಿ ಇಎಸ್‌ಐ ಆಫೀಸಿಗೆ ಅರ್ಜಿ ಹಾಕಬಹುದಿತ್ತು. ಸುತ್ತೋಲೆ ನನ್ನ ಮೇಲ್‌ಗೆ ಬಂತು. ಓದಿದೆ, ಫೋಲ್ಡರ್‌ಗೆ ಹಾಕಿದೆ. ಎಕ್ಸಿಟ್ ಹಾಕಿದ 64 ಜನರಲ್ಲಿ ಒಬ್ಬರಿಗೂ ಫೋನ್ ಮಾಡಲಿಲ್ಲ.

ಅಕ್ಟೋಬರ್ ಹೊತ್ತಿಗೆ ಆರ್ಡರ್ ವಾಪಸ್ ಬಂದವು, ಟೈಲರ್ ಬೇಕಾದರು. ನವೆಂಬರ್‌ನಲ್ಲಿ ಎಬಿಆರ್‌ವೈ ಬಂತು, ಆತ್ಮನಿರ್ಭರ ಭಾರತ ರೋಜ್‌ಗಾರ್ ಯೋಜನೆ. 15 ಸಾವಿರಕ್ಕಿಂತ ಕಡಿಮೆ ಸಂಬಳದವರನ್ನು ಅಕ್ಟೋಬರ್ 1ರ ನಂತರ ಸೇರಿಸಿಕೊಂಡರೆ, 1000 ಜನದೊಳಗಿನ ಕಾರ್ಖಾನೆಗಳಿಗೆ ಎರಡು ವರ್ಷ ಪಿಎಫ್‌ನ ಎರಡೂ ಪಾಲು, ಒಟ್ಟು 24%, ಕೇಂದ್ರ ಸರ್ಕಾರವೇ ಕಟ್ಟುತ್ತಿತ್ತು. ಮಾರ್ಚ್‌ನಿಂದ ಸೆಪ್ಟೆಂಬರ್ ಒಳಗೆ ಕೆಲಸ ಕಳೆದುಕೊಂಡವರಿಗೂ ಅನ್ವಯವಾಗುತ್ತಿತ್ತು. ಯೋಜನೆ ಕೆಟ್ಟದ್ದಲ್ಲ. ಕಾಲರ್ ಅಕ್ಕನಿಗೂ ಕೈಗೆ ಬರುವ ಸಂಬಳ ಸ್ವಲ್ಪ ಜಾಸ್ತಿಯೇ ಆಯಿತು. ಆದರೆ ಯೋಜನೆಗೆ ಬೇಕಾದದ್ದು ಹೊಸಬರು. ನಮ್ಮಲ್ಲಿ ಹಳಬರೇ ಹೊಸಬರಾದರು. 64ರಲ್ಲಿ 41 ಜನ ವಾಪಸ್ ಬಂದರು. ಎಲ್ಲರಿಗೂ ಹೊಸ ಜಾಯಿನಿಂಗ್ ಫಾರಂ, ಹೊಸ ನಂಬರ್. ಜೊತೆಗೆ ಹಿಂದಿನ ತಾರೀಖು ಹಾಕಿದ ಒಂದು ರಾಜೀನಾಮೆ ಪತ್ರ. ಸಹಿ ಎಲ್ಲಿ ಮಾಡಬೇಕು ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಟ್ಟವನೂ ನಾನೇ. ಎಂಟು ತಿಂಗಳಿಂದ ಸಂಬಳ ಕಾಣದವರು ಆ ಪತ್ರ ಓದುತ್ತಾ ಕೂರುತ್ತಾರಾ? ಮ್ಯಾನೇಜ್‌ಮೆಂಟ್ ಮೀಟಿಂಗ್‌ನಲ್ಲಿ ನನಗೆ ಚಪ್ಪಾಳೆ ಬಿತ್ತು. ಅವತ್ತು ಖುಷಿಯಾಗಿತ್ತು, ಸುಳ್ಳು ಹೇಳಲ್ಲ.

ಉದ್ಯೋಗ ಚೇತರಿಸಿಕೊಂಡಿದೆ ಅಂತ ಟಿವಿಯಲ್ಲಿ ಬಂದಾಗೆಲ್ಲ ಈಗ ನನಗೆ ಆ 41 ಫಾರಂ ನೆನಪಾಗುತ್ತವೆ. ಪಿಎಫ್‌ನ ತಿಂಗಳ ಲೆಕ್ಕದಲ್ಲಿ ಅವರು ಒಮ್ಮೆ ಬಿಟ್ಟವರು, ಒಮ್ಮೆ ಸೇರಿದವರು. ಅದೇ ಮಿಷನ್, ಅದೇ ಸ್ಟೂಲ್, ಅದೇ ಕಾಲರ್. ಹೋದದ್ದು ಅವರ ಸರ್ವಿಸ್ ಮಾತ್ರ.

2021ರ ಏಪ್ರಿಲ್ ಕೊನೆಯಲ್ಲಿ ಮತ್ತೆ ಮುಚ್ಚಿದೆವು. ಜೂನ್ 14ರಿಂದ 30% ಜನರೊಂದಿಗೆ ತೆರೆದೆವು. ಆಗ ಒಬ್ಬರಿಗೂ ಎಕ್ಸಿಟ್ ಹಾಕಲಿಲ್ಲ. ಜನ ಕಡಿಮೆಯಾದರೆ ಎಬಿಆರ್‌ವೈ ದುಡ್ಡು ಕೈಬಿಡುತ್ತೆ ಅಂತ ಕನ್ಸಲ್ಟೆಂಟ್ ಎಚ್ಚರಿಸಿದ್ದರು. ಅಂದರೆ ಗೇಟ್ ಮುಚ್ಚಿದರೂ ಸರ್ವಿಸ್ ಮುಂದುವರಿಸಬಹುದು ಅಂತ ನಮಗೆ ಚೆನ್ನಾಗಿಯೇ ಗೊತ್ತಿತ್ತು.

ಕಾಲರ್ ಅಕ್ಕ ಬಂದುಹೋದ ವಾರದ ಭಾನುವಾರ ಮನೆಯಲ್ಲಿ 1972ರ ಗ್ರಾಚ್ಯುಟಿ ಕಾಯ್ದೆ ತೆಗೆದು ಕೂತೆ. ಹನ್ನೊಂದು ವರ್ಷದಿಂದ ಎಚ್‌ಆರ್‌ನಲ್ಲಿದ್ದೇನೆ, ಸೆಕ್ಷನ್ 2ಎ ಅನ್ನು ನಿಜವಾಗಿ ಓದಿದ್ದು ಅವತ್ತು. ಕೆಲಸಗಾರರ ತಪ್ಪಿಲ್ಲದೆ ಕೆಲಸ ನಿಂತರೆ ಸರ್ವಿಸ್ ಮುರಿಯುವುದಿಲ್ಲ. ಸೆಕ್ಷನ್ 7 ಓದಿದಾಗ ಇನ್ನೂ ಕಷ್ಟವಾಯಿತು. ಅವರು ಅರ್ಜಿ ಹಾಕಲಿ ಬಿಡಲಿ, ಲೆಕ್ಕ ಹಾಕಿ 30 ದಿನದೊಳಗೆ ಕೊಡಬೇಕಾದದ್ದು ಮಾಲೀಕರ ಕೆಲಸ. ಕಾಲರ್ ಅಕ್ಕನ ಲೆಕ್ಕ ಸುಲಭ. ತಿಂಗಳಿಗೆ 10,400, ಅದನ್ನು 26ರಿಂದ ಭಾಗಿಸಿದರೆ ದಿನಕ್ಕೆ 400, ವರ್ಷಕ್ಕೆ 15 ದಿನದ್ದು 6,000, ಆರು ವರ್ಷಕ್ಕೆ 36,000.

ಸೋಮವಾರ ಜಿಎಂ ಮುಂದೆ ಇಟ್ಟೆ. "ಒಬ್ಬರಿಗೆ ಕೊಟ್ಟರೆ 41 ಜನ ಬರ್ತಾರೆ" ಅಂದರು. ಬರಲೇಬೇಕಲ್ವಾ ಸಾರ್ ಅಂದೆ. ಸರ್ವಿಸ್ ಮುಂದುವರಿದಿದೆ ಅಂತ ಬರೆದುಕೊಟ್ಟರೆ ಎಬಿಆರ್‌ವೈ ದುಡ್ಡು ವಾಪಸ್ ಕೇಳಬಹುದು ಅಂತ ಕನ್ಸಲ್ಟೆಂಟ್ ಫೋನ್‌ನಲ್ಲಿ ಹೆದರಿಸಿದರು. ಕೇಳಿದರೆ ಕೊಡಬೇಕಾಗುತ್ತೆ ಅಂದೆ, ದನಿ ನಡುಗುತ್ತಿತ್ತು. ಆಮೇಲೆ ಮೊಬೈಲ್‌ನಲ್ಲಿದ್ದ ಒಂದು ಫೋಟೊ ತೋರಿಸಿದೆ. ಮಾರ್ಚ್ 2020ರಲ್ಲಿ ಗೇಟಿಗೆ ಅಂಟಿಸಿದ ನೋಟಿಸ್: ಮುಂದಿನ ಸೂಚನೆಯವರೆಗೆ ಕಾರ್ಖಾನೆ ಮುಚ್ಚಿರುತ್ತದೆ. ಕೆಳಗೆ ಅವರದೇ ಸಹಿ. ಲೇಬರ್ ಆಫೀಸಿನವರು ಮೊದಲು ಕೇಳುವುದು ಈ ಕಾಗದವನ್ನೇ ಅಂದೆ. ತುಂಬಾ ಹೊತ್ತು ಪೆನ್ ತಿರುಗಿಸುತ್ತಾ ಕೂತರು. "ನೋಟ್ ಹಾಕಿ ಕಳಿಸು" ಅಂದರು.

ಜೂನ್‌ನಲ್ಲಿ ಅಕ್ಕನ ಅಕೌಂಟಿಗೆ 36,000 ಹೋಯಿತು. ಉಳಿದ 40 ಜನರ ಹಳೇ ಜಾಯಿನಿಂಗ್ ಡೇಟನ್ನು ಫೈಲಿನಲ್ಲಿ ಬರೆಸಿ ಸಹಿ ಹಾಕಿಸಿದ್ದೇನೆ. ಪಿಎಫ್ ವಿಷಯ ಇನ್ನೂ ಇತ್ಯರ್ಥವಾಗಿಲ್ಲ. ಎಚ್‌ಆರ್‌ನಲ್ಲಿರುವ ಗೆಳೆಯರಿಗೆ ಒಂದೇ ಮಾತು: 2020ರಲ್ಲಿ ನೀವು ಹಾಕಿದ ಎಕ್ಸಿಟ್ ಲಿಸ್ಟ್ ಇದೆಯಲ್ಲಾ, ಅದನ್ನು ಇವತ್ತೇ ತೆರೆದು ನೋಡಿ.

ವಾಪಸ್ ಬಾರದ 23 ಜನರಲ್ಲಿ ಏಳು ಮಂದಿಗೆ 2020ರ ಮಾರ್ಚ್‌ಗೇ ಐದು ವರ್ಷ ತುಂಬಿತ್ತು. ಅವರಿಗೆ ಬರಬೇಕಾದದ್ದು ಇವತ್ತಿಗೂ ನಮ್ಮ ಹತ್ತಿರವೇ ಇದೆ. ಶನಿವಾರ ಮಧ್ಯಾಹ್ನ ಒಂದೊಂದೇ ನಂಬರ್‌ಗೆ ಫೋನ್ ಮಾಡುತ್ತಿದ್ದೇನೆ. ನಾಲ್ವರು ಸಿಕ್ಕರು. ಎರಡು ನಂಬರ್ ಚಾಲ್ತಿಯಲ್ಲಿಲ್ಲ. ಇವತ್ತು ಏಳನೆಯದನ್ನು ಒಬ್ಬ ಹುಡುಗ ಎತ್ತಿದ. "ಅವ್ವ ಹೊಲ್ತಾವ ಹೋಗವ್ಳೆ, ಸಂದೆಗೆ ಮಾಡಿ" ಅಂದ. ಆರು ಗಂಟೆಗೆ ಅಲಾರಂ ಇಟ್ಟಿದ್ದೇನೆ.