ಕೆಟ್ಟದಾಗಿದೆ, ಇನ್ನೊಂದ್ಸಲ ಹಾಕು

ಮೊನ್ನೆ ಶನಿವಾರ ಬೇಕಂತಲೇ ಒಂದು ಜಗಳ ಹಚ್ಚೋಕೆ ಹೋಗಿ ನಾನೇ ಪೆಚ್ಚಾದೆ. ಹಚ್ಚಿದ್ದು ಪಕ್ಕದ್ಮನೆ ಅಜ್ಜನ ಹತ್ರ. ಎಪ್ಪತ್ತು ದಾಟಿದ ಮನುಷ್ಯ, ಪಕ್ಕಾ ಮೆಲ್ಬರ್ನಿನವರು, ನನ್ನ ಮಗಳು ಕರೆದೂ ಕರೆದೂ ಈಗ ನಮ್ಮ ಬ್ರನ್ಸ್‌ವಿಕ್ ಈಸ್ಟಿನ ಬೀದೀಲಿ ಅರ್ಧ ಮಕ್ಕಳು ಅವರನ್ನ "ಅಜ್ಜ" ಅಂತಲೇ ಅಂತಾರೆ, ಅದು ಕನ್ನಡ ಅಂತ ಯಾರಿಗೂ ಗೊತ್ತಿಲ್ಲ.

ಅಜ್ಜನಿಗೆ ರೆಕಾರ್ಡ್ ಹುಚ್ಚು. ಈಗಿನ ಹುಚ್ಚು ಕಿಂಗ್ ಗಿಝರ್ಡ್ ಅಂಡ್ ದ ಲಿಝರ್ಡ್ ವಿಝರ್ಡ್ ಅನ್ನೋ ಬ್ಯಾಂಡಿಂದು, ಇದೇ ಊರಿನ ಹುಡುಗ್ರು, 2017ರಲ್ಲಿ ಏಳು ಜನ ಇದ್ರು, ಡ್ರಮ್ಸ್ ಬಾರಿಸೋಕೇ ಇಬ್ಬರು. ಸೈಕೆಡೆಲಿಕ್ ರಾಕ್ ಅಂತಾರೆ, ಅಮಲೇರಿದ ಥರ ಕೇಳಿಸೋ ರಾಕು. ಆ 2017 ಒಂದೇ ವರ್ಷದಲ್ಲಿ 5 ಆಲ್ಬಂ ತರ್ತೀವಿ ಅಂತ ಹೇಳ್ಕೊಂಡಿದ್ರು, ಫೆಬ್ರವರೀಲಿ ಒಂದು ಬಂತು, ಅದರಲ್ಲಿ ಗಿಟಾರಿಗೇ ಹೆಚ್ಚಿನ ಮೆಟ್ಟಿಲು (ಫ್ರೆಟ್) ಕೂರಿಸಿ ಎರಡು ಸ್ವರದ ನಡುವಿನ ಕಾಲು ಸ್ವರ ನುಡಿಸಿದಾರೆ ಅಂತ ಅಜ್ಜ ಏನೋ ದೊಡ್ಡ ರಹಸ್ಯ ಹೇಳೋ ಥರ ಹೇಳಿದ್ರು, ನಾನು ನಮ್ಮ ಸಂಗೀತದಲ್ಲೂ ಅಂಥ ಸಣ್ಣ ಅಂತರಗಳಿವೆ, 22 ಶ್ರುತಿ ಅಂತಾರೆ ಅಂದೆ, ಒಂದು ವಾರ ನನ್ನ ಮೇಲೆ ಗೌರವ ಜಾಸ್ತಿ ಇತ್ತು. ಜೂನಲ್ಲಿ ಬಂದಿದ್ದು ಎರಡನೇದು, "ಮರ್ಡರ್ ಆಫ್ ದ ಯೂನಿವರ್ಸ್". ಇದು ಕಾನ್ಸೆಪ್ಟ್ ಆಲ್ಬಂ, ಅಂದ್ರೆ ಬಿಡಿ ಹಾಡುಗಳಲ್ಲ, ಕಥೆ. 21 ತುಂಡು, ಮುಕ್ಕಾಲು ಗಂಟೆ, ಮೂರು ಕಥೆ. ಮೊದಲೆರಡರಲ್ಲಿ ಲಿಯಾ ಸೀನಿಯರ್ ಅನ್ನೋ ಗಾಯಕಿ ಹಾಡಲ್ಲ, ಬರೀ ಕಥೆ ಹೇಳ್ತಾಳೆ, ಹಿಂದ್ಗಡೆ ಗಿಟಾರು ಕಿರುಚ್ತಿರುತ್ತೆ. ಮೂರನೇದನ್ನ ಕಂಪ್ಯೂಟರ್ ದನಿ ಹೇಳುತ್ತೆ.

ಆ ಮೂರನೇ ಕಥೆ ಕೇಳಿ. ಹ್ಯಾನ್-ಟ್ಯೂಮಿ ಅಂತ ಒಂದು ಸೈಬೋರ್ಗು, ಅಂದ್ರೆ ಅರ್ಧ ಜೀವ ಅರ್ಧ ಯಂತ್ರ. ಅದಕ್ಕೆ ಎರಡೇ ಆಸೆ, ಮನುಷ್ಯರು ಮಾಡಬಹುದಾದ ಅದರ ಕೈಲಾಗದ ಎರಡು ಕೆಲಸ: ಸಾಯೋದು, ವಾಂತಿ ಮಾಡೋದು. ಹಂಗಾಗಿ ವಾಂತಿ ಮಾಡೋಕಂತಲೇ ಒಂದು ಮಷೀನ್ ಕಟ್ಟುತ್ತೆ, ಅದರ ಮೇಲೇ ಪ್ರೀತಿ ಬರುತ್ತೆ, ಮಷೀನು ಒಲ್ಲೆ ಅನ್ನುತ್ತೆ, ಇದು ಹೋಗಿ ಅದರೊಳಗೇ ಸೇರ್ಕೊಳುತ್ತೆ, ಕೊನೆಗೆ ಇಡೀ ಬ್ರಹ್ಮಾಂಡ ವಾಂತೀಲಿ ಮುಳುಗಿ ಹೋಗುತ್ತೆ. ಮಷೀನಿನ ಹೆಸರಲ್ಲಿರೋ "ಮಂಟ್" ಅನ್ನೋದು ಪ್ರಿಂಟ್ ಮಿಸ್ಟೇಕ್ ಅಂದ್ಕೊಂಡಿದ್ದೆ, ಇಲ್ಲಿನ ಆಡುಮಾತಲ್ಲಿ ಅದಕ್ಕೆ ವಾಂತಿ ಅಂತಲೇ ಅರ್ಥ ಅಂತೆ.

ಇನ್ನು ವಿಮರ್ಶೆ. ಕೆಲವರು ಇಂಥ ಧೈರ್ಯ ಯಾರಿಗಿದೆ ಅಂತ ಹೊಗಳಿದ್ರೆ, ಇನ್ನು ಕೆಲವರು ಮಾತು ಜಾಸ್ತಿ ಆಯ್ತು, ಹಾಡು ಹತ್ತೋ ಹೊತ್ತಿಗೆ ಆಯಮ್ಮ ಬಾಯಿ ಹಾಕ್ತಾಳೆ, ವರ್ಷಕ್ಕೆ 5 ಮಾಡೋಕೆ ಹೋದ್ರೆ ಹಿಂಗೇ ಆಗೋದು, ಅನ್ನೋ ಧಾಟೀಲಿ ಬರೆದಿದ್ರು. ಇದೇ ಬ್ಯಾಂಡಿನ 2016ರ ಆಲ್ಬಂ "ನಾನಗಾನ್ ಇನ್ಫಿನಿಟಿ"ಯಲ್ಲಿ 9 ಹಾಡು ಒಂದಕ್ಕೊಂದು ಗಂಟು ಬಿದ್ದು ಕೊನೇದು ಮೊದಲನೇದಕ್ಕೇ ವಾಪಸ್ ಬಂದು ಸೇರ್ತಿತ್ತು, ಅದಕ್ಕೆ ಇಲ್ಲಿನ ದೊಡ್ಡ ಸಂಗೀತ ಪ್ರಶಸ್ತಿ ಆರಿಯಾನೂ ಬಂದಿತ್ತು, ಅದರ ಮುಂದೆ ಇದನ್ನಿಟ್ಟು ನೋಡೋರೇ ಎಲ್ಲ.

ನಾನು ಅದರಲ್ಲಿ ಅತೀ ಖಾರವಾಗಿರೋದನ್ನ ಫೋನಲ್ಲಿ ತೆಗೆದಿಟ್ಕೊಂಡು ಬೇಲಿ ಹತ್ರ ನಿಂತು ಅಜ್ಜನಿಗೆ ಓದಿ ಹೇಳಿದೆ. ರೇಗ್ತಾರೆ, ಇವನ್ಯಾವನೋ ಸಂಗೀತ ಗೊತ್ತಿಲ್ದೋನು ಅಂತಾರೆ ಅಂತ ಕಾಯ್ತಿದ್ದೆ. ಅಜ್ಜ ಕಣ್ಮುಚ್ಚಿ ಪೂರ್ತಿ ಕೇಳಿದ್ರು. "ಸರಿಯಾಗೇ ಬರೆದಿದಾನೆ. ಆಲ್ಬಂ ಗಬ್ಬೆದ್ದು ಹೋಗಿದೆ. ಒಳಗ್ಬಾ, ಇನ್ನೊಂದ್ಸಲ ಹಾಕ್ತೀನಿ" ಅಂದ್ರು.

ನಂಗೆ ಏನು ಹೇಳ್ಬೇಕೋ ತಿಳೀಲಿಲ್ಲ. ಯಾಕಂದ್ರೆ ಹೋದ ತಿಂಗಳು ನಮ್ಮ ಕನ್ನಡದೋರ ವಾಟ್ಸಾಪ್ ಗುಂಪಲ್ಲಿ ಒಂದು ಹೊಸ ಭಾವಗೀತೆ ಆಲ್ಬಂ ಬಗ್ಗೆ, ಮೂರನೇ ಹಾಡಲ್ಲಿ ಕೀಬೋರ್ಡ್ ಜಾಸ್ತಿಯಾಗಿ ಸಾಹಿತ್ಯ ಕೇಳಿಸಲ್ಲ ಅಂತ ಒಂದೇ ಒಂದು ಸಾಲು ಹಾಕಿದ್ದೆ. ಕನ್ನಡದ ಮೇಲೆ ಅಭಿಮಾನ ಇಲ್ವಾ ಅಂದ್ರು. ನೀವೊಂದು ಹಾಡಿ ತೋರಿಸಿ ಅಂದ್ರು. ಇಬ್ಬರು ನನ್ನ ಜೊತೆ ಈಗಲೂ ಮಾತಾಡಲ್ಲ. ಆ ಆಲ್ಬಂನ ನಾನು ದಿನಾ ಟ್ರ್ಯಾಮಲ್ಲಿ ಕೇಳ್ತೀನಿ ಅನ್ನೋದನ್ನ ಯಾರೂ ಕೇಳ್ಲೇ ಇಲ್ಲ.

ಒಳಗೆ ಅಜ್ಜ 1968ರ ಒಂದು ಹಳೇ ರೆಕಾರ್ಡೂ ತೆಗೆದು ತೋರಿಸಿದ್ರು, ಪ್ರೆಟಿ ಥಿಂಗ್ಸ್ ಅನ್ನೋ ಇಂಗ್ಲೆಂಡಿನ ಬ್ಯಾಂಡು, ಒಬ್ಬ ಮನುಷ್ಯನ ಹುಟ್ಟಿಂದ ಮುಪ್ಪಿನ ತನಕದ ಕಥೇನೇ ಇಡೀ ಆಲ್ಬಂ. ಆಗ ಮಾರಾಟ ಆಗ್ಲಿಲ್ಲ, ಆಮೇಲೆ ಮೊದಮೊದಲ ರಾಕ್ ಆಪೆರಾಗಳಲ್ಲಿ ಒಂದು ಅಂತ ಹೆಸರಾಯ್ತು. ಹಂಗಾದ್ರೆ ಇದಕ್ಕೂ ಮುಂದೆ ಹೆಸರು ಬರುತ್ತಾ ಅಂದೆ. "ಗೊತ್ತಿಲ್ಲ, ಅಷ್ಟೊತ್ತಿಗೆ ನಾನಿರಲ್ಲ, ಸುಮ್ನೆ ಕೇಳು."

ಮಗಳು ಅಷ್ಟರಲ್ಲಿ ಅಜ್ಜನ ಫ್ರಿಜ್ ಮೇಲಿನ ಆಯಸ್ಕಾಂತದ ಇಂಗ್ಲಿಷ್ ಅಕ್ಷರ ತಗೊಂಡು ಹ್ಯಾನ್-ಟ್ಯೂಮಿ ಅಂತ ಜೋಡಿಸಿದ್ಲು. ಎಂಟು ಅಕ್ಷರ. ಅಜ್ಜ ಏನೂ ಹೇಳ್ದೆ ಹೋಗಿ ಒಂದೊಂದೇ ಸರಿಸಿದ್ರು, ಹಿಂದಿಂದು ಮುಂದೆ, ಮುಂದಿಂದು ಹಿಂದೆ, ಅದೇ ಎಂಟಕ್ಷರದಲ್ಲಿ ಹ್ಯುಮ್ಯಾನಿಟಿ ಅಂತ ಆಯ್ತು. ಮಗಳು ಸ್ವಲ್ಪ ಹೊತ್ತು ನೋಡಿ, "ಅಮ್ಮಾ, ಪಾಪ ಅದಕ್ಕೆ ಹುಷಾರಿಲ್ದೇ ಇರೋಕೂ ಬರಲ್ಲ ಅಲ್ವಾ" ಅಂದ್ಲು. ನಾನು ಓದಿದ ಅಷ್ಟೂ ವಿಮರ್ಶೇಲಿ ಈ ಮಾತು ಕಂಡಿರ್ಲಿಲ್ಲ.

ಲಿಯಾ ಮಾತು ಶುರುವಾದಾಗ ಮಾತ್ರ ನಂಗೆ ವಿಮರ್ಶಕರ ಗೋಳು ಅರ್ಥವೇ ಆಗ್ಲಿಲ್ಲ. ಹಾಡು ನಿಲ್ಲಿಸಿ ಕಥೆ ಹೇಳೋದು, ಕಥೆ ನಿಲ್ಲಿಸಿ ಹಾಡೋದು, ಇದು ಹರಿಕಥೆ ಅಲ್ವಾ? ಚಿಕ್ಕೋಳಿದ್ದಾಗ ಅಪ್ಪನ ತೊಡೆ ಮೇಲೆ ನಿದ್ದೆಗಣ್ಣಲ್ಲಿ ಎಷ್ಟು ಕೇಳಿಲ್ಲ. ಮನೆಗೆ ನಡ್ಕೊಂಡು ಬರ್ತಾ ಅಪ್ಪ ದಾಸರನ್ನ ಅರೆದು ಹಾಕೋರು, ಇವತ್ತು ಉಪಕಥೆ ಜಾಸ್ತಿ ಆಯ್ತು, ಗಂಟಲು ಕಟ್ಟಿತ್ತು, ಆ ಕಾಂಬೋದಿ ರಾಗ ಕಾಂಬೋದಿನೇ ಅಲ್ಲ ಅಂತ. ಮಾರನೇ ದಿನ ಸಾಯಂಕಾಲ ಎಲ್ಲರಿಗಿಂತ ಮುಂಚೆ ಹೋಗಿ ಮುಂದಿನ ಸಾಲಲ್ಲಿ ಜಮಖಾನದ ಮೇಲೆ ಕೂತಿರೋರು.

ಅಲ್ಲಿಂದಲೇ ಅಪ್ಪಂಗೆ ಫೋನ್ ಹಚ್ಚಿ ಸ್ಪೀಕರ್ ಹತ್ರ ಹಿಡಿದೆ. ಎರಡು ನಿಮಿಷ ಉಸಿರೇ ಇಲ್ಲ. ಆಮೇಲೆ, "ಆ ಹೆಣ್ಮಗಳು ಚೆನ್ನಾಗಿ ಹೇಳ್ತಾಳಮ್ಮ, ಪಕ್ಕವಾದ್ಯದೋರೇ ಎಲ್ಲ ನುಂಗ್ಬಿಟ್ರು" ಅಂದ್ರು.

ಅಜ್ಜನಿಗೆ ಇಂಗ್ಲಿಷಲ್ಲಿ ಹೇಳ್ದೆ. ಸರಿಯಾಗೇ ಹೇಳಿದಾರೆ ಅಂದ್ರು. ಕಟ್ ಮಾಡೋಣ ಅಂತಿದ್ದೆ, ಅಪ್ಪ ಆ ಕಡೆಯಿಂದ, "ಇರು ಇರು, ಮುಂದೇನಾಯ್ತು?"